ಹಳೇ ಜೀಪು ತಗೊಳ್ಳುವ ಮೊದಲು ಅದರ ಕೆಳಗೆ ಮಲಗಿ ನೋಡಿ

ಕಳೆದ ಮಳೆಗಾಲದಲ್ಲಿ ನಮ್ಮ ಗೆಳೆಯನೊಬ್ಬನ ಅಜ್ಜಿಯನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ನಾಲ್ಕು ಜನ ಹೊತ್ತುಕೊಂಡು ಡಾಮರು ರಸ್ತೆಯವರೆಗೆ ತರಬೇಕಾಯಿತು. ಅವನ ಮನೆ ಕಾರ್ಕಳದಿಂದ ಬಜಗೋಳಿ ದಾಟಿ ಒಳಗೆ. ಮುಖ್ಯರಸ್ತೆಯಿಂದ ಮನೆಗೆ ಎರಡು ಕಿಲೋಮೀಟರ್ ಮಣ್ಣಿನ ದಾರಿ, ನಡುವೆ ಒಂದು ತೋಡು. ಜೂನ್ ಬಂತೆಂದರೆ ರಿಕ್ಷಾದವರು "ಅಲ್ಲಿಗೆ ಬರ್ಲಿಕ್ಕೆ ಆಗುದಿಲ್ಲ" ಅಂತ ಫೋನಿನಲ್ಲೇ ಹೇಳಿಬಿಡುತ್ತಾರೆ. ಮನೆಯಲ್ಲಿದ್ದ ಹಳೇ ಜೀಪು ಎರಡು ವರ್ಷದ ಹಿಂದೆಯೇ ಕೊಟ್ಟಿಗೆ ಸೇರಿದೆ. ಈಗ ಅದರ ಮೇಲೆ ಕೋಳಿ ಮಲಗುತ್ತದೆ.

ಅಜ್ಜಿ ಗುಣವಾಗಿ ಮನೆಗೆ ಬಂದ ಮೇಲೆ ಅವನ ಅಪ್ಪ ನಮಗೆ ಹೇಳಿದರು: "ನೀವೆಲ್ಲ ಇಂಜಿನಿಯರಿಂಗ್ ಕಲಿಯುವವರಲ್ವಾ? ನಾಲ್ಕು ಜನ ಹೋಗಿ ಒಂದು ಒಳ್ಳೆ ಫೋರ್ ವ್ಹೀಲ್ ಗಾಡಿ ನೋಡಿ. ಹೊಸತು ನಮ್ಮಿಂದ ಆಗುದಿಲ್ಲ. ಅಡಿಕೆ ಮಾರಿದ ದುಡ್ಡು ಇಷ್ಟುಂಟು."

ನಮ್ಮಲ್ಲಿ ಒಬ್ಬ ಮೆಕ್ಯಾನಿಕಲ್, ಒಬ್ಬಳು ಸಿವಿಲ್, ಒಬ್ಬ ಎಲೆಕ್ಟ್ರಾನಿಕ್ಸ್, ಒಬ್ಬ ಕಂಪ್ಯೂಟರ್ ಸೈನ್ಸ್. ಡಿಫರೆನ್ಷಿಯಲ್ಲಿನ ಚಿತ್ರ ಬಿಡಿಸಿ ಹತ್ತು ಅಂಕ ತೆಗೆದವರು. ಆದರೆ ಒಂದು ಗಾಡಿಯ ಕೆಳಗೆ ಬೆನ್ನು ಹಾಕಿ ಮಲಗಿದವರು ಒಬ್ಬರೂ ಇರಲಿಲ್ಲ. ಮೂರು ವಾರ ಕಾಪು, ಮಣಿಪಾಲ, ಕಾರ್ಕಳ ಅಂತ ತಿರುಗಿದ ಮೇಲೆ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇವೆ. ಒಂದೇ ಮಾತಲ್ಲಿ ಹೇಳಬೇಕಾದರೆ: ಗಾಡಿ ಎಷ್ಟು ಕಿಲೋಮೀಟರ್ ಓಡಿದೆ ಅನ್ನುವುದಕ್ಕಿಂತ ಅದು ಯಾವ ಊರಿನಲ್ಲಿ, ಯಾವ ಕೆಲಸ ಮಾಡಿಕೊಂಡು ಬದುಕಿತು ಅನ್ನುವುದು ಮುಖ್ಯ. ಮೀಟರನ್ನು ತಿರುಗಿಸಬಹುದು. ಚಾಸಿಸ್ಸನ್ನು ತಿರುಗಿಸಲು ಬರುವುದಿಲ್ಲ.

ಮೊದಲು, ಏನನ್ನು ಹುಡುಕುತ್ತಿದ್ದೇವೆ?

ನೋಡಲು ಜೀಪಿನಂತಿದ್ದ ಮಾತ್ರಕ್ಕೆ ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುತ್ತದೆ ಅಂತಿಲ್ಲ. 2010ರಲ್ಲಿ ಬಂದ ಮೊದಲ ಮಹೀಂದ್ರಾ ಥಾರ್‌ನಲ್ಲೂ ಎರಡು ಚಕ್ರದ ಮಾದರಿ ಇತ್ತು. 2020ರ ಹೊಸ ಥಾರ್‌ಗೆ 2023ರ ಜನವರಿಯಲ್ಲಿ ಹಿಂದಿನ ಚಕ್ರಕ್ಕೆ ಮಾತ್ರ ಶಕ್ತಿ ಕೊಡುವ ಮಾದರಿ ಬಂತು. ಹೊರಗಿನಿಂದ ಎರಡೂ ಅವಳಿಗಳೇ. ಒಳಗೆ ಗೇರ್ ಲಿವರಿನ ಪಕ್ಕ 2ಎಚ್, 4ಎಚ್, ಎನ್, 4ಎಲ್ ಅಂತ ಬರೆದ ಇನ್ನೊಂದು ಚಿಕ್ಕ ಲಿವರ್ ಉಂಟಾ ನೋಡಿ. 1985ರಿಂದ ಮೂರು ದಶಕಕ್ಕೂ ಹೆಚ್ಚು ಕಾಲ ಬಂದ ಮಾರುತಿ ಜಿಪ್ಸಿ, 2023ರ ಜಿಮ್ನಿ, ಫೋರ್ಸ್ ಗೂರ್ಖಾ, ಥಾರ್, ಸ್ಕಾರ್ಪಿಯೋದ ಕೆಲವು ಮಾದರಿ ಇವೆಲ್ಲಕ್ಕೂ ಸಾಮಾನ್ಯವಾದ ಒಂದು ವಿಷಯ: ಕೆಳಗೆ ಏಣಿಯಂಥ ಚಾಸಿಸ್. ಉದ್ದಕ್ಕೆ ಎರಡು ಬೀಮ್, ನಡುವೆ ಅಡ್ಡಪಟ್ಟಿಗಳು, ಅದರ ಮೇಲೆ ಬೋಲ್ಟ್ ಹಾಕಿ ಕೂರಿಸಿದ ಬಾಡಿ. ಬಾಡಿ ಹೋದರೆ ಟಿಂಕರಿಂಗ್ ಮಾಡಿಸಬಹುದು. ಇಂಜಿನ್ ಹೋದರೆ ಬೋರ್ ಮಾಡಿಸಬಹುದು. ಏಣಿಯೇ ಹೋದರೆ ಹತ್ತುವುದು ಎಲ್ಲಿಗೆ?

ಹೋಗುವಾಗ ಚೀಲದಲ್ಲಿ ಇಷ್ಟಿರಲಿ: ಒಳ್ಳೆಯ ಟಾರ್ಚ್, ಬಟ್ಟೆ ಸುತ್ತಿದ ಒಂದು ಅಯಸ್ಕಾಂತ, ಸಣ್ಣ ಸುತ್ತಿಗೆ, ಸ್ಕ್ರೂಡ್ರೈವರ್, ಪೆನ್ಸಿಲ್, ಬಿಳಿ ಕಾಗದ, ಮಲಗಲು ಹಳೇ ಗೋಣಿ. ಕೊನೆಯದ್ದನ್ನು ಮರೆಯಬೇಡಿ. ಗೋಣಿ ಇಲ್ಲದಿದ್ದರೆ "ಬಟ್ಟೆ ಕೊಳೆ ಆಗ್ತದೆ ಮಾರಾಯ" ಅಂತ ಯಾರೂ ಕೆಳಗೆ ಹೋಗುವುದಿಲ್ಲ. ನಮ್ಮ ಮೊದಲ ತಪ್ಪು ಅದೇ.

ಕಾಪು: ಕಡಲ ಗಾಳಿ ತಿಂದ ಗಾಡಿ

ಮೊದಲು ನೋಡಿದ್ದು ಕಾಪುವಿನಲ್ಲಿ. 1901ರ ದೀಪಸ್ತಂಭ ಕಾಣುವಷ್ಟು ಹತ್ತಿರದ ಮನೆ. ಹತ್ತು ವರ್ಷ ದಾಟಿದ ಹಾರ್ಡ್‌ಟಾಪ್ ಗಾಡಿ, ಹೊಸ ಬಣ್ಣ, ಹೊಸ ಸೀಟ್ ಕವರ್, ಮೀಟರಿನಲ್ಲಿ ಐವತ್ತು ಸಾವಿರವೂ ಆಗಿಲ್ಲ. ಮಾರುವವರು "ಒಂದು ರೂಪಾಯಿ ಕೆಲಸ ಇಲ್ಲ, ಅಡಿಯಲ್ಲಿಯೂ ಕೋಟಿಂಗ್ ಮಾಡಿಸಿದ್ದೇನೆ" ಅಂದರು. ನಾವು ಟಾರ್ಚ್ ಹಾಕಿ ಬಗ್ಗಿ ನೋಡಿದೆವು. ಅಡಿಯೆಲ್ಲ ಕಪ್ಪಗೆ ಮಿರಮಿರ. ಅಡ್ವಾನ್ಸ್ ಕೊಡಲು ಫೋನ್ ತೆಗೆದದ್ದೂ ಆಯಿತು.

ಆಗ ನಮ್ಮ ಸಿವಿಲ್‌ನವಳು ಗಾಡಿ ಬಿಟ್ಟು ಮನೆಯ ಕಿಟಕಿ ನೋಡುತ್ತಾ ನಿಂತಿದ್ದಳು. ಕಿಟಕಿಯ ಸರಳುಗಳು ಬುಡದಲ್ಲಿ ಪದರ ಪದರವಾಗಿ ಎದ್ದಿದ್ದವು. "ಈ ಸರಳು ಉಸಿರಾಡಿದ ಗಾಳಿಯನ್ನೇ ಅಲ್ವಾ ಆ ಗಾಡಿಯೂ ಹತ್ತು ವರ್ಷ ಉಸಿರಾಡಿದ್ದು?" ಅಂದಳು. ಆಮೇಲೆ ಗೋಣಿ ಕೇಳಿ ತಂದು ಕೆಳಗೆ ಮಲಗಿದೆವು.

ಫಸ್ಟ್ ಇಯರ್ ಕೆಮಿಸ್ಟ್ರಿಯಲ್ಲಿ ಓದಿದ್ದು ನೆನಪಿಗೆ ತನ್ನಿ. ಕಬ್ಬಿಣ ಎಲೆಕ್ಟ್ರಾನ್ ಬಿಟ್ಟುಕೊಟ್ಟು ಅಯಾನ್ ಆಗುವ ಜಾಗ ಆನೋಡ್. ಆಮ್ಲಜನಕ ಮತ್ತು ನೀರು ಆ ಎಲೆಕ್ಟ್ರಾನ್ ತೆಗೆದುಕೊಳ್ಳುವ ಜಾಗ ಕ್ಯಾಥೋಡ್. ನಡುವೆ ಒದ್ದೆ ಪದರ ಇದ್ದರೆ ಸರ್ಕ್ಯೂಟ್ ಪೂರ್ತಿ. ಕಡಲ ಗಾಳಿಯ ಉಪ್ಪು ಇದಕ್ಕೆ ಎರಡು ರೀತಿಯಲ್ಲಿ ಸಹಾಯ ಮಾಡುತ್ತದೆ: ನೀರಿನ ವಿದ್ಯುತ್ ವಾಹಕತೆ ಹೆಚ್ಚಿಸುತ್ತದೆ, ಮತ್ತು ಕ್ಲೋರೈಡ್ ಅಯಾನ್ ಕಬ್ಬಿಣದ ಮೇಲಿನ ರಕ್ಷಣಾ ಪದರವನ್ನು ಒಡೆಯುತ್ತದೆ. ಇನ್ನೊಂದು ಗುಟ್ಟು ಕೆಸರಿನಲ್ಲಿದೆ. ಚಾಸಿಸ್ ಬೀಮಿನ ಒಳಗೆ ಸೇರಿದ ಕೆಂಪುಮಣ್ಣು ಒಣಗಲು ದಿನಗಟ್ಟಲೆ ಬೇಕು. ಮಣ್ಣಿನ ಅಡಿಯಲ್ಲಿ ಆಮ್ಲಜನಕ ಕಡಿಮೆ, ಹೊರಗೆ ಜಾಸ್ತಿ. ಆಮ್ಲಜನಕ ಕಡಿಮೆ ಇರುವ ಜಾಗವೇ ಆನೋಡ್ ಆಗಿ ಕರಗುತ್ತದೆ. ಪುಸ್ತಕದಲ್ಲಿ ಡಿಫರೆನ್ಷಿಯಲ್ ಏರಿಯೇಷನ್ ಅಂತ ಎರಡು ಅಂಕಕ್ಕೆ ಬರೆದದ್ದು ಇದನ್ನೇ. ಹಾಗಾಗಿ ಕಣ್ಣಿಗೆ ಕಾಣುವ ಹೊರಮೈಗಿಂತ ಮಣ್ಣು ಕೂತ ಒಳಮೈ ಮೊದಲು ತೂತಾಗುತ್ತದೆ.

ಮತ್ತೆ, ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ. ಎರಡು ತಗಡು ಒಂದರ ಮೇಲೊಂದು ಕೂತಲ್ಲಿ ನಡುವೆ ಉಬ್ಬು ಕಂಡರೆ ಒಳಗೆ ತುಕ್ಕು ಬೆಳೆದು ತಳ್ಳುತ್ತಿದೆ ಅಂತ ಅರ್ಥ.

ಪರೀಕ್ಷೆ ಸುಲಭ. ಹಲಸಿನ ಹಣ್ಣನ್ನು ಬಡಿದು ನೋಡಿ ಹಣ್ಣಾಯಿತಾ ಅಂತ ಮನೆಯ ಹಿರಿಯರು ಹೇಳುತ್ತಾರಲ್ಲ, ಹಾಗೆಯೇ. ಮಾರುವವರ ಒಪ್ಪಿಗೆ ಕೇಳಿ ಸುತ್ತಿಗೆಯಿಂದ ಬೀಮಿನ ಉದ್ದಕ್ಕೂ ಮೆಲ್ಲನೆ ಬಡಿಯಿರಿ. ಗಟ್ಟಿ ಉಕ್ಕು ಠಣ್ ಅನ್ನುತ್ತದೆ. ಕೊಳೆತದ್ದು ಡಬ್ ಅನ್ನುತ್ತದೆ, ಕೆಲವೊಮ್ಮೆ ಒಳಗಿನಿಂದ ಚಕ್ಕೆ ಉದುರುವ ಸರಸರ ಸದ್ದೂ ಕೇಳುತ್ತದೆ. ಹಿಂದಿನ ಚಕ್ರದ ಮೇಲೆ ಬೀಮ್ ಬಾಗುವಲ್ಲಿ, ಸ್ಪ್ರಿಂಗಿನ ಕೊಂಡಿ ಕೂರುವಲ್ಲಿ, ಅಡ್ಡಪಟ್ಟಿ ಬೆಸೆದಲ್ಲಿ, ಬಾಡಿ ಬೋಲ್ಟಿನ ಸುತ್ತ ಹೆಚ್ಚು ಹೊತ್ತು ನೋಡಿ. ಅನುಮಾನ ಬಂದಲ್ಲಿ ಸ್ಕ್ರೂಡ್ರೈವರ್ ತುದಿ ಒತ್ತಿ. ಕಾಪುವಿನ ಆ ಗಾಡಿಯಲ್ಲಿ ಹಿಂದಿನ ಎಡ ಕೊಂಡಿಯ ಹತ್ತಿರ ಕಪ್ಪು ಕೋಟಿಂಗ್ ಬಿಸ್ಕತ್ತಿನಂತೆ ಒಡೆಯಿತು. ಅದರ ಹಿಂದೆ ಇರಬೇಕಾದ ಉಕ್ಕು ಇರಲಿಲ್ಲ.

ಅಂಡರ್‌ಬಾಡಿ ಕೋಟಿಂಗ್ ಕೆಟ್ಟದ್ದಲ್ಲ. ಗಾಡಿ ಹೊಸತಿರುವಾಗ ಮಾಡಿಸಿದರೆ ಅದು ರಕ್ಷಣೆ. ಮಾರುವ ತಿಂಗಳಲ್ಲಿ ತುಕ್ಕಿನ ಮೇಲೆ ಬಳಿದರೆ ಅದು ಮುಸುಕು, ಒಳಗಿನ ತೇವವನ್ನು ಹಿಡಿದಿಡುವ ಮುಸುಕು.

ಚಾಸಿಸ್ ಬಿಟ್ಟರೆ ಕಡಲಬದಿಯ ಗಾಡಿಯಲ್ಲಿ ಜೀವಕ್ಕೆ ಸಂಬಂಧಿಸಿದ ವಸ್ತು ಬ್ರೇಕ್ ಪೈಪು. ಬೆರಳಿಗಿಂತ ತೆಳ್ಳಗಿನ ಉಕ್ಕಿನ ಕೊಳವೆ ಅದು, ಕ್ಲಿಪ್ ಹಿಡಿದಿರುವ ಜಾಗದಲ್ಲಿ ಉಪ್ಪುಮಣ್ಣು ಸೇರಿ ಅಲ್ಲೇ ತೆಳುವಾಗುತ್ತದೆ. ಊರೊಳಗೆ ಮೆಲ್ಲ ಹೋಗುವಾಗ ಏನೂ ಆಗುವುದಿಲ್ಲ. ಆಗುಂಬೆ ಘಾಟಿ ಇಳಿಯುವಾಗ ಜೋರಾಗಿ ಒತ್ತಿದ ದಿನ ಒಡೆಯುತ್ತದೆ. ಪೈಪಿನ ಉದ್ದಕ್ಕೂ ಟಾರ್ಚ್ ಹಿಡಿದು, ಪ್ರತಿ ಕ್ಲಿಪ್ಪಿನ ಹತ್ತಿರ ಬೆರಳಾಡಿಸಿ. ಇಂಜಿನ್ ಚಾಲೂ ಇಟ್ಟು ಬ್ರೇಕ್ ಪೆಡಲನ್ನು ಒಂದು ನಿಮಿಷ ಬಲವಾಗಿ ಒತ್ತಿ ಹಿಡಿಯಿರಿ. ಪೆಡಲ್ ಮೆಲ್ಲನೆ ಕೆಳಗೆ ಇಳಿಯುತ್ತಾ ಹೋದರೆ ಎಲ್ಲೋ ಸೋರಿಕೆ ಉಂಟು.

ಕೊನೆಗೆ ಚಾಸಿಸ್ ನಂಬರ್. ಹೆಚ್ಚಿನ ಗಾಡಿಗಳಲ್ಲಿ ಇದನ್ನು ಬಲಬದಿಯ ಬೀಮಿನ ಮೇಲೆ, ಮುಂದಿನ ಚಕ್ರದ ಆಸುಪಾಸಿನಲ್ಲಿ ಕೊರೆದಿರುತ್ತಾರೆ. ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯಿರಿ, ಆರ್‌ಸಿಯ ಜೊತೆ ಒಂದೊಂದೇ ಅಕ್ಷರ ಹೋಲಿಸಿ. ತುಕ್ಕು ಅಕ್ಷರಗಳನ್ನು ತಿಂದಿದ್ದರೆ ಆರ್‌ಟಿಒ ಪರಿಶೀಲನೆಯಲ್ಲಿ ಗಾಡಿ ನಿಲ್ಲುತ್ತದೆ. ಮತ್ತೆ ಪಂಚ್ ಮಾಡಿಸಲು ಅವರ ಅನುಮತಿ ಬೇಕು. ಕಾಪುವಿನಲ್ಲಿ ನಮಗೆ ಸಿಕ್ಕಿದ್ದು ಹದಿನೇಳರಲ್ಲಿ ಹನ್ನೊಂದು ಅಕ್ಷರ. ಫೋನನ್ನು ಜೇಬಿಗೆ ಹಾಕಿ ಬಸ್ ಹತ್ತಿದೆವು.

ಹಾಗಂತ ಕಾಪು, ಮಲ್ಪೆ, ಮರವಂತೆಯ ಗಾಡಿಯೆಲ್ಲ ಬೇಡ ಅಂತಲ್ಲ. ಶೆಡ್ಡಿನಲ್ಲಿಟ್ಟು, ಸಿಹಿನೀರಿನಲ್ಲಿ ಅಡಿ ತೊಳೆಯುತ್ತಾ ನೋಡಿಕೊಂಡ ಗಾಡಿ ಕಡಲಬದಿಯಲ್ಲೂ ಚೆನ್ನಾಗಿರುತ್ತದೆ. ಆದರೆ ಹಿಂದಿನವರು ರೀಲ್ಸ್ ಮಾಡಲು ಅಲೆಯ ಅಂಚಿನಲ್ಲಿ ಓಡಿಸಿದ್ದಾರಾ ಅಂತ ಕೇಳಿಯೇ ಕೇಳಿ.

ಮಣಿಪಾಲ: ಅಲಂಕಾರ ಜಾಸ್ತಿ, ಕಾಗದ ಕಮ್ಮಿ

ಮಣ್ಣಿನ ಪಳ್ಳ ಇದ್ದ ಊರು ಮಣಿಪಾಲ ಆಯಿತು ಅನ್ನುತ್ತಾರೆ. ಮಣ್ಣಪಳ್ಳ ಕೆರೆ ಈಗಲೂ ಉಂಟು. ಇಲ್ಲಿ ಮಾರಾಟಕ್ಕೆ ಬರುವ ಜೀಪುಗಳು ಮಾತ್ರ ಮಣ್ಣು ಕಂಡದ್ದು ಕಡಿಮೆ. ಕೋರ್ಸ್ ಮುಗಿಸಿ ಊರಿಗೆ ಹೋಗುವವರದ್ದು, ದೂರದ ರಾಜ್ಯದ ನಂಬರ್ ಪ್ಲೇಟಿನದ್ದು. ನಾವು ನೋಡಿದ ಗಾಡಿಗೆ ಎತ್ತರಿಸಿದ ಸಸ್ಪೆನ್ಷನ್, ದೊಡ್ಡ ಟಯರ್, ಮುಂದೆ ಕಬ್ಬಿಣದ ಬುಲ್ ಬಾರ್, ತಲೆ ಮೇಲೆ ಲೈಟಿನ ಸಾಲು. ಇಂಜಿನ್ ಶಬ್ದ ಕೇಳಿ ನಮ್ಮ ಕಂಪ್ಯೂಟರ್ ಸೈನ್ಸ್ ಹುಡುಗ ಅರ್ಧ ಮನಸ್ಸು ಕೊಟ್ಟಾಗಿತ್ತು.

ಇಲ್ಲಿ ಸುತ್ತಿಗೆಗಿಂತ ಕಾಗದ ಮುಖ್ಯ. ಆರ್‌ಸಿಯಲ್ಲಿ ಇಂಧನ ಪೆಟ್ರೋಲ್, ಬಾನೆಟ್ ಕೆಳಗೆ ಡೀಸೆಲ್ ಇಂಜಿನ್. ಇಂಜಿನ್ ನಂಬರೂ ಬೇರೆ. ಯಾರೋ ಎಲ್ಲಿಯೋ ಬದಲಾಯಿಸಿದ್ದಾರೆ, ಆರ್‌ಸಿಯಲ್ಲಿ ಬರೆಸಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಕ್ಕೆ ಹೊಂದದ ಬದಲಾವಣೆ ಮಾಡುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಗಟ್ಟಿಯಾಗಿ ಹೇಳಿತು. ಬುಲ್ ಬಾರ್ ಬಗ್ಗೆ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಕ್ರಮ ತೆಗೆದುಕೊಳ್ಳಲು ಬರೆದಿದೆ. ಅಪಘಾತ ಆದ ದಿನ ವಿಮೆಯವರು ಮೊದಲು ಕೇಳುವುದು ಇದನ್ನೇ. ಅಜ್ಜಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವ ಗಾಡಿಯನ್ನು ದಾರಿಯಲ್ಲಿ ನಿಲ್ಲಿಸಿಕೊಳ್ಳುವುದು ಯಾರಿಗೆ ಬೇಕು?

ಕಾಗದದಲ್ಲಿ ನೋಡಬೇಕಾದದ್ದು:

- ಆರ್‌ಸಿ ಮೂಲಪ್ರತಿ. ಎಂಪರಿವಾಹನ್ ಆ್ಯಪಿನಲ್ಲಿ ನಂಬರ್ ಹಾಕಿ ನೋಂದಣಿ ದಿನ, ಇಂಧನ, ವಿಮೆ, ಸಾಲ ಇವನ್ನು ಹೋಲಿಸಿ. ದಂಡ ಬಾಕಿ ಉಂಟಾ ಅಂತ ಇ-ಚಲನ್ ಪುಟದಲ್ಲಿ ನೋಡಿ.
- ಆರ್‌ಸಿಯಲ್ಲಿ ಬ್ಯಾಂಕಿನ ಹೆಸರಿದ್ದರೆ ಸಾಲ ತೀರಿದ ಪತ್ರ ಮತ್ತು ಫಾರ್ಮ್ 35 ಕೈಗೆ ಬರುವವರೆಗೆ ದುಡ್ಡು ಕೊಡಬೇಡಿ.
- ಮಾಲೀಕತ್ವ ಬದಲಿಸಲು ಫಾರ್ಮ್ 29 ಮತ್ತು 30. ಕೊಂಡವರು 30 ದಿನದೊಳಗೆ ಅರ್ಜಿ ಹಾಕಬೇಕು. ವಿಮೆಯನ್ನು ಹೆಸರಿಗೆ ಮಾಡಿಸಲು 14 ದಿನ.
- ಬೇರೆ ರಾಜ್ಯದ ಗಾಡಿಯಾದರೆ ಅಲ್ಲಿನ ಆರ್‌ಟಿಒದಿಂದ ಫಾರ್ಮ್ 28ರ ನಿರಾಕ್ಷೇಪಣಾ ಪತ್ರ. 12 ತಿಂಗಳಿಗಿಂತ ಹೆಚ್ಚು ಇಲ್ಲಿ ಇಟ್ಟುಕೊಳ್ಳುವುದಾದರೆ ಮರುನೋಂದಣಿ ಕಡ್ಡಾಯ, ಕರ್ನಾಟಕದ ಜೀವಿತಾವಧಿ ತೆರಿಗೆಯೂ ಕಟ್ಟಬೇಕು. ದಿಲ್ಲಿಯಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿಗೆ ನಿರ್ಬಂಧ ಬಂದ ಮೇಲೆ ಅಲ್ಲಿನ ಎಷ್ಟೋ ಗಾಡಿ ಅಗ್ಗಕ್ಕೆ ದಕ್ಷಿಣಕ್ಕೆ ಬರುತ್ತವೆ. ಅಗ್ಗ ಅನ್ನುವ ಮೊದಲು ಆ ತೆರಿಗೆ ಸೇರಿಸಿ ಲೆಕ್ಕ ಹಾಕಿ.
- ಖಾಸಗಿ ಗಾಡಿಯ ಮೊದಲ ನೋಂದಣಿ 15 ವರ್ಷಕ್ಕೆ. ಆಮೇಲೆ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಣ. ಕಾರಿನ ನವೀಕರಣ ಶುಲ್ಕ 2022ರ ಏಪ್ರಿಲಿನಲ್ಲಿ 600ರಿಂದ 5,000 ರೂಪಾಯಿಗೆ ಏರಿತು. ಹಳೇ ಗಾಡಿಗೆ ಈಗಿನ ದರ ಎಷ್ಟು ಅಂತ ಆರ್‌ಟಿಒದಲ್ಲಿ ಕೇಳಿಕೊಳ್ಳಿ. 14 ವರ್ಷದ ಗಾಡಿ ನೋಡುವಾಗ ಈ ಖರ್ಚು ನಿಮ್ಮ ತಲೆಯ ಮೇಲೆಯೇ ಬರುತ್ತದೆ.

ಟಯರಿನ ಮೇಲೂ ಓದಲು ಉಂಟು. ಪಕ್ಕದ ಗೋಡೆಯಲ್ಲಿ ನಾಲ್ಕು ಅಂಕಿ ಇರುತ್ತದೆ: 2319 ಅಂದರೆ 2019ರ 23ನೇ ವಾರ ತಯಾರಾದದ್ದು. ಪಟ್ಟಿ ಆಳ ಇದ್ದರೂ ಪಕ್ಕ ಬಿರುಕು ಬಿಟ್ಟಿದ್ದರೆ ಅದು ಹಳೇ ರಬ್ಬರ್. ನಾಲ್ಕೂ ಒಂದೇ ಅಳತೆ, ಹೆಚ್ಚುಕಡಿಮೆ ಒಂದೇ ಸವೆತ ಇರಬೇಕು. ಯಾಕೆ ಅಂತ ಮುಂದೆ ಹೇಳುತ್ತೇವೆ.

ಉಡುಪಿ: ನೆರೆಯಲ್ಲಿ ನಿಂತ ಗಾಡಿ

2020ರ ಸೆಪ್ಟೆಂಬರಿನಲ್ಲಿ ಒಂದೇ ರಾತ್ರಿಯ ಮಳೆಗೆ ಉಡುಪಿಯ ಎಷ್ಟೋ ಅಂಗಳ ಮುಳುಗಿದ್ದು ನೆನಪಿರಬಹುದು. 2018ರ ಕೇರಳ ನೆರೆಯ ನಂತರವೂ ಮುಳುಗಿದ ಗಾಡಿಗಳು ಊರೂರು ತಿರುಗಿದವು. ಗುರುತಿಸುವುದು ಹೀಗೆ: ಸೀಟ್ ಬೆಲ್ಟನ್ನು ಪೂರ್ತಿ ಹೊರಗೆ ಎಳೆಯಿರಿ, ಕೊನೆಯ ಒಂದು ಅಡಿಯಲ್ಲಿ ಕೆಸರಿನ ಗೆರೆ ಉಂಟಾ? ಸೀಟಿನ ಕೆಳಗಿನ ರೈಲು, ಬೋಲ್ಟುಗಳಿಗೆ ತುಕ್ಕು ಹಿಡಿದಿದೆಯಾ? ಮ್ಯಾಟ್ ಎತ್ತಿ ಮೂಸಿ. ಡ್ಯಾಶ್‌ಬೋರ್ಡಿನ ಅಡಿಯ ವಯರ್ ಕನೆಕ್ಟರುಗಳಲ್ಲಿ ಹಸಿರು ಪುಡಿ ಕಂಡರೆ ತಾಮ್ರ ನೀರು ಕುಡಿದಿದೆ. ಜೀಪಿಗೆ ನೀರು ಹೊಸತಲ್ಲ, ಆದರೆ ತೋಡು ದಾಟುವುದು ಬೇರೆ, ಎರಡು ದಿನ ಮುಳುಗಿ ಕೂರುವುದು ಬೇರೆ.

ಕಾರ್ಕಳ: ದುಡಿದ ಗಾಡಿ

ಮೂರನೆಯದ್ದು ಕಾರ್ಕಳದ ಹತ್ತಿರ, ರಬ್ಬರ್ ಮತ್ತು ಅಡಿಕೆ ತೋಟದವರದ್ದು. ಬಣ್ಣ ಮಾಸಿತ್ತು. ಎಡ ಬಾಗಿಲಿಗೆ ಗುದ್ದು. ಸೀಟಿನ ಮೇಲೆ ಗೋಣಿ ಹಾಸಿದ್ದರು. ಮಾಲೀಕರು ಹಿರಿಯರು, ನಾವು ಬರುವ ಮೊದಲೇ ಕಾಗದದಲ್ಲಿ ಬರೆದಿಟ್ಟಿದ್ದರು: ಕ್ಲಚ್ ಯಾವಾಗ ಹಾಕಿದ್ದು, ಹಿಂದಿನ ಆಕ್ಸಲ್ ಸೀಲ್ ಸೋರುತ್ತದೆ, ಹ್ಯಾಂಡ್ ಬ್ರೇಕ್ ಸಡಿಲ. "ನೋಡಿ ಮಕ್ಕಳೇ, ಕಲ್ಲು ಹೊತ್ತದ್ದುಂಟು, ಗೊಬ್ಬರ ಹೊತ್ತದ್ದುಂಟು. ಸುಳ್ಳು ಹೇಳಿ ಎಂತ ಮಾಡುದು?"

ಕಡಲಿನಿಂದ ದೂರ ಅಂದ ಮಾತ್ರಕ್ಕೆ ಇಲ್ಲಿ ತುಕ್ಕಿಲ್ಲ ಅಂತಲ್ಲ; ಘಟ್ಟದ ಬುಡದ ಮಳೆ ಎಂಥದು ಅಂತ ಎಲ್ಲರಿಗೂ ಗೊತ್ತು. ಆದರೆ ಇಲ್ಲಿನ ಮುಖ್ಯ ಕಾಯಿಲೆ ಭಾರ ಹೊತ್ತ ಸವೆತ. ಸಮತಟ್ಟಿನಲ್ಲಿ ನಿಲ್ಲಿಸಿ ಹಿಂದಿನಿಂದ ನೋಡಿ: ಗಾಡಿ ಒಂದು ಬದಿಗೆ ವಾಲಿದೆಯಾ? ಲೀಫ್ ಸ್ಪ್ರಿಂಗಿನ ಪ್ಲೇಟುಗಳಲ್ಲಿ ಬಿರುಕು ಉಂಟಾ? ಹಿಂದೆ ಟ್ರೈಲರ್ ಕೊಂಡಿ ಇದ್ದರೆ ಅದು ಕೂತ ಅಡ್ಡಪಟ್ಟಿ ಬಾಗಿದೆಯಾ?

ಇಂಜಿನ್. ಹೋದ ಕೂಡಲೇ ಬಾನೆಟ್ ಮುಟ್ಟಿ. ಬಿಸಿ ಇದ್ದರೆ ನಿಮಗೋಸ್ಕರ ಮೊದಲೇ ಸ್ಟಾರ್ಟ್ ಮಾಡಿಟ್ಟಿದ್ದಾರೆ. ಚಹಾ ಕುಡಿದು ತಣಿಯುವವರೆಗೆ ಕಾಯಿರಿ. ತಣ್ಣಗಿರುವಾಗ ಸ್ಟಾರ್ಟ್ ಮಾಡಿಸಿ ಹೊಗೆ ನೋಡಿ. ನೀಲಿ ಹೊಗೆ ಅಂದರೆ ಆಯಿಲ್ ಉರಿಯುತ್ತಿದೆ. ಬಿಸಿಯಾದ ಮೇಲೂ ನಿಲ್ಲದ ಬಿಳಿ ಹೊಗೆಗೆ ಕಾರಣ ಕೂಲೆಂಟ್ ಒಳಗೆ ಹೋಗುವುದಿರಬಹುದು, ಡೀಸೆಲ್ಲಿನಲ್ಲಿ ಇಂಜೆಕ್ಟರ್ ತೊಂದರೆಯೂ ಇರಬಹುದು. ಇಂಜಿನ್ ಓಡುತ್ತಿರುವಾಗ ಆಯಿಲ್ ಮುಚ್ಚಳ ಬಿಚ್ಚಿ ಅಲ್ಲೇ ಸಡಿಲವಾಗಿ ಇಡಿ. ಒಳಗಿನ ಒತ್ತಡ ಮುಚ್ಚಳವನ್ನು ಕುಣಿಸಿ ಎಸೆಯುವಂತಿದ್ದರೆ ರಿಂಗ್ ಸವೆದಿದೆ. ಏರ್ ಫಿಲ್ಟರ್ ಡಬ್ಬ ತೆರೆದು ನೋಡಿ. ಅಲ್ಲಿ ಕೆಸರಿನ ಗೆರೆ ಇದ್ದರೆ ನೀರು ಇಂಜಿನ್ನಿನ ಬಾಯಿವರೆಗೆ ಬಂದಿತ್ತು. ನೀರು ಗಾಳಿಯಂತೆ ಕುಗ್ಗುವುದಿಲ್ಲ. ಪಿಸ್ಟನ್ ಮೇಲೆ ಬಂದಾಗ ಕನೆಕ್ಟಿಂಗ್ ರಾಡ್ ಬಾಗುತ್ತದೆ.

ಡಿಫರೆನ್ಷಿಯಲ್ ಎಣ್ಣೆ. ಓಡಿ ಬಿಸಿಯಾದ ಹೌಸಿಂಗ್ ತೋಡಿನ ತಣ್ಣೀರಿಗೆ ಇಳಿದರೆ ಒಳಗಿನ ಗಾಳಿ ಕುಗ್ಗುತ್ತದೆ. 80 ಡಿಗ್ರಿಯಿಂದ 30 ಡಿಗ್ರಿಗೆ ಬಂದರೆ, ಕೆಲ್ವಿನ್‌ನಲ್ಲಿ 353ರಿಂದ 303. ಒತ್ತಡ ಸುಮಾರು ನೂರಕ್ಕೆ 14ರಷ್ಟು ಇಳಿಯುತ್ತದೆ. ಮೇಲಿನ ಬ್ರೀದರ್ ಕೊಳವೆ ಮುಚ್ಚಿಹೋಗಿದ್ದರೆ ಸೀಲಿನ ಸಂದಿಯಿಂದ ನೀರನ್ನೇ ಎಳೆದುಕೊಳ್ಳುತ್ತದೆ. ಎಣ್ಣೆಯ ಪ್ಲಗ್ ಬಿಚ್ಚಿಸಿ ಒಂದು ಹನಿ ಬಿಳಿ ಕಾಗದಕ್ಕೆ ಹಾಕಿ: ಹಾಲು ಹಾಕಿದ ಚಹಾದ ಬಣ್ಣ ಇದ್ದರೆ ನೀರು ಸೇರಿದೆ. ಬೆಳ್ಳಿಯಂತೆ ಮಿನುಗಿದರೆ ಅದು ಗೇರಿನ ಹಲ್ಲು.

ನಾಲ್ಕು ಚಕ್ರದ ಪರೀಕ್ಷೆ. ಎಲ್ಲರೂ ಮರೆಯುವುದು ಇದನ್ನು. ಹಳೇ ಜೀಪುಗಳಲ್ಲಿ ಹೆಚ್ಚಿನವು ಪಾರ್ಟ್-ಟೈಮ್ ವ್ಯವಸ್ಥೆ: ಮುಂದಿನ ಮತ್ತು ಹಿಂದಿನ ಆಕ್ಸಲ್ ನಡುವೆ ಡಿಫರೆನ್ಷಿಯಲ್ ಇಲ್ಲ, 4ಎಚ್ ಹಾಕಿದರೆ ಎರಡೂ ಶಾಫ್ಟ್ ಒಂದೇ ವೇಗದಲ್ಲಿ ತಿರುಗಲೇಬೇಕು. ಆದರೆ ತಿರುವಿನಲ್ಲಿ ಮುಂದಿನ ಚಕ್ರ ಹೆಚ್ಚು ದೂರ ಹೋಗುತ್ತದೆ. ವ್ಹೀಲ್‌ಬೇಸ್ 2.4 ಮೀಟರ್, ಹಿಂದಿನ ಆಕ್ಸಲ್ 5 ಮೀಟರ್ ತ್ರಿಜ್ಯದಲ್ಲಿ ತಿರುಗುತ್ತಿದೆ ಅಂದರೆ ಮುಂದಿನದ್ದು ಸುಮಾರು 5.55 ಮೀಟರ್ ತ್ರಿಜ್ಯದಲ್ಲಿ, ಪೈಥಾಗೊರಸ್ ಸಾಕು. ಈ 11 ಶೇಕಡಾ ವ್ಯತ್ಯಾಸ ಮಣ್ಣಿನಲ್ಲಿ ಚಕ್ರ ಜಾರಿ ಸರಿಹೋಗುತ್ತದೆ. ಒಣ ಡಾಮರಿನಲ್ಲಿ ಶಾಫ್ಟನ್ನು ತಿರುಚುತ್ತದೆ. ನಾಲ್ಕು ಟಯರ್ ಒಂದೇ ಅಳತೆ ಇರಬೇಕು ಅಂದದ್ದೂ ಇದಕ್ಕೇ. ಹಾಗಾಗಿ ಈ ಪರೀಕ್ಷೆಯನ್ನು ಮಣ್ಣು ಅಥವಾ ಜಲ್ಲಿಯ ಮೈದಾನದಲ್ಲೇ ಮಾಡಿ. 4ಎಚ್ ಹಾಕಿ ನೇರ ಹೋಗಿ, ನಂತರ ಸ್ಟಿಯರಿಂಗ್ ಪೂರ್ತಿ ತಿರುಗಿಸಿ ಮೆಲ್ಲ ಸುತ್ತಿ: ಮುಂದಿನಿಂದ ಕಟಕಟ ಬಂದರೆ ಜಾಯಿಂಟ್ ಸವೆದಿದೆ. 4ಎಲ್ ಹಾಕಿ ಇಳಿಜಾರಿನಲ್ಲಿ ಬ್ರೇಕ್ ಮುಟ್ಟದೆ ಇಳಿಯಿರಿ. ಲಿವರ್ ತಾನೇ ಹೊರಗೆ ಜಿಗಿದರೆ ಟ್ರಾನ್ಸ್‌ಫರ್ ಕೇಸಿಗೆ ಕೆಲಸ ಉಂಟು.

ಕೈಯಲ್ಲಿ ತಿರುಗಿಸುವ ಹಬ್ ಲಾಕ್ ಇರುವ ಹಳೇ ಗಾಡಿಗಳಲ್ಲಿ ಇನ್ನೊಂದು ಚಂದದ ಪರೀಕ್ಷೆ ಉಂಟು. ಇಂಜಿನ್ ಬಂದ್ ಮಾಡಿ, ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಮುಂದಿನ ಒಂದು ಚಕ್ರವನ್ನು ಮಾತ್ರ ಜಾಕಿನಲ್ಲಿ ಎತ್ತಿ. ಹಬ್ ಲಾಕ್ ಮಾಡಿ. ಓಪನ್ ಡಿಫರೆನ್ಷಿಯಲ್ಲಿನಲ್ಲಿ ಎರಡು ಚಕ್ರದ ವೇಗದ ಸರಾಸರಿಯೇ ಕೇಸಿನ ವೇಗ. 2ಎಚ್‌ನಲ್ಲಿ ಕೇಸಿಗೆ ತಿರುಗಲು ಸ್ವಾತಂತ್ರ್ಯ ಉಂಟು, ಹಾಗಾಗಿ ಎತ್ತಿದ ಚಕ್ರ ಕೈಯಲ್ಲಿ ತಿರುಗುತ್ತದೆ. 4ಎಚ್ ಹಾಕಿದರೆ ಕೇಸು ಹಿಂದಿನ ಆಕ್ಸಲ್ಲಿಗೆ ಕಟ್ಟಿಹೋಯಿತು, ನೆಲದ ಮೇಲಿನ ಚಕ್ರವೂ ಸೊನ್ನೆ. ಎತ್ತಿದ ಚಕ್ರವೂ ಸೊನ್ನೆ ಆಗಲೇಬೇಕು. ಸ್ವಲ್ಪ ಅಲುಗಾಡಿ ನಿಲ್ಲಬೇಕು. 4ಎಚ್‌ನಲ್ಲೂ ಸುಮ್ಮನೆ ತಿರುಗುತ್ತಿದ್ದರೆ ಹಬ್ಬೋ ಶಾಫ್ಟೋ ಟ್ರಾನ್ಸ್‌ಫರ್ ಕೇಸೋ ಸತ್ತಿದೆ. ಆಮೇಲೆ ಇನ್ನೊಂದು ಬದಿ. ಹತ್ತು ಅಂಕದ ಪ್ರಶ್ನೆ ನಮಗೆ ನಿಜವಾಗಿ ಅರ್ಥವಾದದ್ದು ಆ ತೋಟದ ಅಂಗಳದಲ್ಲಿ. ಒಂದು ಎಚ್ಚರಿಕೆ: ಜಾಕಿನ ಮೇಲಿರುವ ಗಾಡಿಯ ಕೆಳಗೆ ತಲೆ ಹಾಕಲೇಬೇಡಿ. ಅಡಿ ನೋಡಬೇಕಾದರೆ ವಾಟರ್ ಸರ್ವಿಸಿನ ರ‍್ಯಾಂಪಿಗೆ ಹತ್ತಿಸಿ, ಅದೂ ತೊಳೆಯುವ ಮೊದಲು. ತೊಳೆದ ಮೇಲೆ ಸೋರಿಕೆ ಕಾಣುವುದಿಲ್ಲ.

ರಸ್ತೆಯ ಮೇಲೆ

ಕಾಲೇಜಿನ ಸುತ್ತ ಒಂದು ರೌಂಡ್ ಹೊಡೆದರೆ ಸಾಲದು. ಪರ್ಕಳ, ಹಿರಿಯಡ್ಕ, ಬೈಲೂರು, ಕಾರ್ಕಳ ದಾರಿಯಂತೆ ಏರು, ತಿರುವು, ಇಳಿಜಾರು ಮೂರೂ ಇರುವ ರಸ್ತೆ ಆರಿಸಿ. ಏರಿನಲ್ಲಿ ಟೆಂಪರೇಚರ್ ಮುಳ್ಳು ನೋಡಿ. ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಇಂಜಿನ್ ಕೂಗಿ ಗಾಡಿ ಓಡದಿದ್ದರೆ ಕ್ಲಚ್ ಜಾರುತ್ತಿದೆ. ಹೊಂಡಕ್ಕೆ ಬಿದ್ದ ಮೇಲೆ ಸ್ಟಿಯರಿಂಗ್ ಗಡಗಡ ನಡುಗಿ ನಿಲ್ಲದೇ ಹೋದರೆ ಮುಂದಿನ ಬುಶ್, ಜಾಯಿಂಟ್, ಬೇರಿಂಗ್ ಯಾವುದೋ ಸಡಿಲ. ಜೀಪು ಕಾರಿನಷ್ಟು ನುಣುಪಾಗಿ ಹೋಗುವುದಿಲ್ಲ. ಒರಟುತನ ಬೇರೆ, ಕಾಯಿಲೆ ಬೇರೆ. ವ್ಯತ್ಯಾಸ ಗೊತ್ತಾಗದಿದ್ದರೆ ಅದೇ ಮಾದರಿ ಓಡಿಸುವವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ನಾವು ಕಾರ್ಕಳದ ಗ್ಯಾರೇಜಿನ ಅಣ್ಣನೊಬ್ಬರನ್ನು ಅರ್ಧ ದಿನದ ಕೂಲಿ ಕೊಟ್ಟು ಕರೆದೊಯ್ದೆವು. ನಮ್ಮ ಪಟ್ಟಿಯಲ್ಲಿ ಇಲ್ಲದ ಎರಡು ದೋಷ ಅವರು ಐದು ನಿಮಿಷದಲ್ಲಿ ತೋರಿಸಿದರು.

ದರ ಮಾತಾಡುವುದು

"ಸ್ವಲ್ಪ ಕಮ್ಮಿ ಮಾಡಿ" ಅಂದರೆ ಯಾರೂ ಮಾಡುವುದಿಲ್ಲ. ದೋಷದ ಪಟ್ಟಿ ಮಾಡಿ, ಅದೇ ದಿನ ಅಂಗಡಿಯಲ್ಲಿ ಸಾಮಾನಿನ ಬೆಲೆ, ಗ್ಯಾರೇಜಿನಲ್ಲಿ ಕೂಲಿ ಕೇಳಿ ಬರೆದುಕೊಳ್ಳಿ. ಕೇಳಿದ ದರ, ರಿಪೇರಿ, ವರ್ಗಾವಣೆ, ವಿಮೆ, ಟಯರ್ ಎಲ್ಲ ಕೂಡಿಸಿದ ಮೊತ್ತವೇ ಗಾಡಿಯ ನಿಜವಾದ ಬೆಲೆ. ಎಲ್ಲ ದುಡ್ಡನ್ನೂ ಗಾಡಿಗೇ ಸುರಿಯದೆ ಮೊದಲ ಮೂರು ತಿಂಗಳಿಗೆ ಸ್ವಲ್ಪ ಉಳಿಸಿಕೊಳ್ಳಿ.

ನಾವು ಕಾರ್ಕಳದ್ದನ್ನೇ ತಗೊಂಡೆವು. ಚಾಸಿಸ್ ಎಲ್ಲ ಕಡೆ ಠಣ್ ಅಂದಿತ್ತು. ನಂಬರಿನ ಹದಿನೇಳೂ ಅಕ್ಷರ ಪೆನ್ಸಿಲಿಗೆ ಸಿಕ್ಕಿತ್ತು. ಬಂದ ಕೂಡಲೇ ಮಾಡಿಸಿದ್ದು ಬಣ್ಣ ಅಲ್ಲ: ಬ್ರೇಕ್ ಪೈಪು, ಆಕ್ಸಲ್ ಸೀಲ್, ಎಲ್ಲ ಎಣ್ಣೆ, ಹ್ಯಾಂಡ್ ಬ್ರೇಕ್. ಬಾಗಿಲಿನ ಗುದ್ದು ಹಾಗೆಯೇ ಉಂಟು. ಗೆಳೆಯನ ಅಪ್ಪ ಅದನ್ನು ನೋಡಿ "ಬಣ್ಣ ಮಾಡಿಸ್ಲಿಲ್ವಾ?" ಅಂತ ಕೇಳಿದರು. ಅಜ್ಜಿ ಹತ್ತಲು ಅನುಕೂಲವಾಗಲಿ ಅಂತ ನಾವು ಒಂದು ಮೆಟ್ಟಿಲು ಮಾತ್ರ ಹಾಕಿಸಿದ್ದೆವು. ಜೂನ್ ಎರಡನೇ ವಾರ ತೋಡು ತುಂಬಿದ ಮೇಲೆ ಗೆಳೆಯ ಒಂದು ಸಾಲಿನ ಮೆಸೇಜ್ ಹಾಕಿದ: "ಅಜ್ಜಿ ಇವತ್ತು ಚೆಕಪ್‌ಗೆ ಹೋಗಿ ಬಂದ್ರು, ಮುಂದಿನ ಸೀಟಲ್ಲಿ."

ಜೇಬಿನಲ್ಲಿಡುವ ಪಟ್ಟಿ

1. ಗಾಡಿಯ ಊರು ಮತ್ತು ಕೆಲಸ ಕೇಳಿ. ನಿಲ್ಲಿಸುವ ಜಾಗದ ಕಿಟಕಿ ಸರಳು ನೋಡಿ.
2. ಬಾನೆಟ್ ತಣ್ಣಗಿದೆಯಾ ಮುಟ್ಟಿ.
3. ಕೆಳಗೆ ಮಲಗಿ: ಬೀಮ್ ಬಡಿದು ಕೇಳಿ, ಕೊಂಡಿ, ಬ್ರೇಕ್ ಪೈಪು ನೋಡಿ.
4. ಚಾಸಿಸ್, ಇಂಜಿನ್ ನಂಬರ್ ಆರ್‌ಸಿಗೆ ಹೋಲಿಸಿ.
5. ಅಯಸ್ಕಾಂತ ಬಾಡಿಯ ಮೇಲೆ ಆಡಿಸಿ. ಹಿಡಿಯದಲ್ಲಿ ಕಬ್ಬಿಣದ ಬದಲು ಪುಟ್ಟಿ ಉಂಟು.
6. ಸೀಟ್ ಬೆಲ್ಟ್ ಪೂರ್ತಿ ಎಳೆಯಿರಿ, ಮ್ಯಾಟ್ ಎತ್ತಿ.
7. ಹೊಗೆ, ಆಯಿಲ್ ಮುಚ್ಚಳ, ಏರ್ ಫಿಲ್ಟರ್.
8. ಡಿಫರೆನ್ಷಿಯಲ್ ಎಣ್ಣೆ ಬಿಳಿ ಕಾಗದದ ಮೇಲೆ.
9. 4ಎಚ್, 4ಎಲ್ ಮಣ್ಣಿನ ಮೇಲೆ.
10. ಏರು, ತಿರುವು, ಇಳಿಜಾರು.
11. ಸಾಲ, ವಿಮೆ, ನೋಂದಣಿ ಅವಧಿ, ನಿರಾಕ್ಷೇಪಣಾ ಪತ್ರ.
12. ಮನಸ್ಸು ಒಪ್ಪಿದರೂ ಒಂದು ರಾತ್ರಿ ಬಿಟ್ಟು ಅಡ್ವಾನ್ಸ್ ಕೊಡಿ.

ಗಾಡಿ ಬಂದ ಮೇಲೆ ಒಂದು ಮಾತು. ಕುದುರೆಮುಖ ರಾಷ್ಟ್ರೀಯ ಉದ್ಯಾನ, ಸೋಮೇಶ್ವರ ಅಭಯಾರಣ್ಯದ ಒಳಗೆ ರಸ್ತೆ ಬಿಟ್ಟು ಇಳಿಸುವುದು ಅಪರಾಧ, ಸಾಹಸ ಅಲ್ಲ. ನಾಲ್ಕು ಚಕ್ರದ ಗಾಡಿಗೆ ಮಳೆಗಾಲದ ನಮ್ಮ ಹಳ್ಳಿ ದಾರಿಯೇ ಸಾಕಷ್ಟು ಕೆಲಸ ಕೊಡುತ್ತದೆ. ನೀವೂ ಹಳೇ ಜೀಪು ನೋಡಲು ಹೊರಟಿದ್ದರೆ ಕನ್ನಡ ಸಂಘದಲ್ಲಿ ಒಂದು ಮಾತು ಹೇಳಿ. ಸುತ್ತಿಗೆ, ಗೋಣಿ ಎರಡೂ ಈಗ ನಮ್ಮ ಹತ್ತಿರ ಉಂಟು.